ಓದುಗರ ಪ್ರಶ್ನೆ: ಹೊರದೇಶದ ಹಳೆಯ ಕಾರು ಮತ್ತು ಬ್ರೋಕರ್

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ, ಅಮ್ಮ ಬಂದಾಗ ಎಲ್ಲರೂ ಒಟ್ಟಿಗೆ ಓಡಾಡಲು ಜಪಾನಿನಿಂದ ಆರು ವರ್ಷ ಹಳೆಯ ಟೊಯೊಟ ಆಲ್ಫಾರ್ಡ್ ತರಿಸಬೇಕೆಂದಿದ್ದೇವೆ. ಬ್ರೋಕರ್ ಒಬ್ಬರು ‘ನಾಲ್ಕನೇ ಗ್ರೇಡಿನ ಗಾಡಿ’ ಎಂದಷ್ಟೇ ಹೇಳಿ, ಒಟ್ಟು ಮೊತ್ತವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಬ್ರೋಕರ್ ಬೇಕೇ ಬೇಕು, ಜಪಾನಿನ ವಾಹನ ಹರಾಜುಗಳಲ್ಲಿ ಸದಸ್ಯರಲ್ಲದವರು ಕೂಗುವಂತಿಲ್ಲ. ಆದರೆ ನೀವು ಮಾಡಹೊರಟಿರುವುದು ನೀರಿನಲ್ಲಿರುವ ಎಮ್ಮೆಯ ವ್ಯಾಪಾರ. ಆ ಎಮ್ಮೆಯ ಮೈ ಕಾಣಿಸುವುದು ಹರಾಜು ಚೀಟಿಯಲ್ಲಿ, ಅಂದರೆ ತಪಾಸಕರು ಕಾರಿನ ಸ್ಥಿತಿಯನ್ನು ಬರೆದಿಡುವ ಹಾಳೆಯಲ್ಲಿ ಮಾತ್ರ, ಆದ್ದರಿಂದ ಹಣಕ್ಕಿಂತ ಮೊದಲು ಅದರ ಮೂಲ ಪ್ರತಿಯನ್ನು ಕೇಳಿ.

ನಾಲ್ಕನೇ ಗ್ರೇಡು ಕೆಟ್ಟದ್ದೇನಲ್ಲ, ಆದರೆ ಅದು ತಪಾಸಕರ ಒಟ್ಟು ಅಭಿಪ್ರಾಯ ಮಾತ್ರ. ನಿಜವಾದ ಕಥೆ ಇರುವುದು ಚೀಟಿಯಲ್ಲಿರುವ ಕಾರಿನ ಚಿತ್ರದ ಮೇಲೆ ಬರೆದ ಗುರುತುಗಳಲ್ಲಿ: ‘ಎ’ ಎಂದರೆ ಗೀರು, ‘ಯು’ ಎಂದರೆ ತಗ್ಗು, ‘ಡಬ್ಲ್ಯು’ ಎಂದರೆ ರಿಪೇರಿಯಾದ ಜಾಗ, ‘ಎಸ್’ ಎಂದರೆ ತುಕ್ಕು, ‘ಎಕ್ಸ್ಎಕ್ಸ್’ ಎಂದರೆ ಬದಲಾಯಿಸಿದ ಭಾಗ. ಗ್ರೇಡಿನ ಅಂಕಿಯ ಬದಲು ‘ಆರ್’ ಅಥವಾ ‘ಆರ್‌ಎ’ ಎಂದಿದ್ದರೆ ಆ ಕಾರಿಗೆ ಅಪಘಾತದ ರಿಪೇರಿ ಆಗಿದೆಯೆಂದು ತಿಳಿಯಿರಿ. ಪಕ್ಕದಲ್ಲಿ ಜಪಾನಿ ಭಾಷೆಯಲ್ಲಿ ಗೀಚಿದ ಟಿಪ್ಪಣಿಯನ್ನು ಬ್ರೋಕರ್ ಕೊಡುವ ಸಾರಾಂಶದಿಂದಲ್ಲ, ಬೇರೆಯವರಿಂದ ಅನುವಾದಿಸಿಕೊಳ್ಳಿ. ಹೊಕ್ಕೈಡೊದಂತಹ ಹಿಮದ ಸೀಮೆಯ ಕಾರುಗಳ ಅಡಿಭಾಗದ ತುಕ್ಕು ಸಾರಾಂಶದಲ್ಲಿ ಸುಲಭವಾಗಿ ಮಾಯವಾಗುತ್ತದೆ. ಓಡಿದ ಕಿಲೋಮೀಟರನ್ನು ರಫ್ತು ಪ್ರಮಾಣಪತ್ರದ ಅಂಕಿಯೊಡನೆ ತಾಳೆ ನೋಡಿ.

ಇನ್ನು ‘ಒಟ್ಟು ಮೊತ್ತ’. ಅದರೊಳಗೆ ಹರಾಜಿನ ಬೆಲೆ ಎಷ್ಟು, ಅವರ ಲಾಭ ಎಷ್ಟೆಂಬುದು ನಿಮಗೆ ತಿಳಿಯುವುದಿಲ್ಲ. ಹರಾಜಿನ ಬಿಲ್ಲು ತೋರಿಸಿ, ನಿಗದಿತ ಶುಲ್ಕವನ್ನಷ್ಟೇ ಪಡೆಯುವ ಬ್ರೋಕರ್‌ಗೆ ‘ಈ ಗಾಡಿ ಬೇಡ’ ಎನ್ನುವುದರಿಂದ ನಷ್ಟವಿಲ್ಲ, ಅಂಥವರನ್ನು ಹುಡುಕಿ. ಹರಾಜಿಗೆ ಮೊದಲು ಹಿಂದಿರುಗಿಸಬಹುದಾದ ಠೇವಣಿ, ಕಾರು ಸಿಕ್ಕ ಮೇಲೆ ಉಳಿದ ಹಣ ಎಂಬ ಕ್ರಮಕ್ಕೆ ಲಿಖಿತವಾಗಿ ಒಪ್ಪದಿದ್ದರೆ ಬಿಟ್ಟುಬಿಡಿ.

ತೆರಿಗೆಯೂ ಆ ಮೊತ್ತದಲ್ಲಿದೆಯೇ ಎಂದು ಕೇಳಿ. ಕಾರು ಜಪಾನಿನಲ್ಲೇ ತಯಾರಾದದ್ದೆಂದು ತೋರಿಸಿ ಸುಂಕದ ರಿಯಾಯಿತಿ ಪಡೆಯಲು ಬೇಕಾದ ದಾಖಲೆ ಇಲ್ಲದಿದ್ದರೆ ಶೇ 10 ಸುಂಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 20 ವ್ಯಾಟ್ ಬೀಳುತ್ತದೆ. ಕಾರು, ಹಡಗಿನ ಬಾಡಿಗೆ ಸೇರಿ 10,000 ಪೌಂಡ್ ಆದರೆ ತೆರಿಗೆಯೇ 3,200 ಪೌಂಡ್! ಕಾರು ಬಂದ 14 ದಿನಗಳೊಳಗೆ ಬ್ರಿಟನ್ನಿನ ತೆರಿಗೆ ಇಲಾಖೆಗೆ ತಿಳಿಸಬೇಕು. 10 ವರ್ಷ ತುಂಬದ ಕಾರಾದ್ದರಿಂದ ನೋಂದಣಿಗೆ ಮುನ್ನ ಐವಿಎ ಪರೀಕ್ಷೆಯೂ (ಕಾರು ಅಲ್ಲಿನ ನಿಯಮಗಳಿಗೆ ಹೊಂದುತ್ತದೆಯೇ ಎಂದು ಬಿಡಿಯಾಗಿ ನೋಡುವ ತಪಾಸಣೆ) ಉಂಟು; ಸ್ಪೀಡೋಮೀಟರ್ ಮೈಲಿ ತೋರಿಸಬೇಕು, ಹಿಂದೆ ಮಂಜಿನ ದೀಪವಿರಬೇಕು. ಈ ಕೆಲಸಗಳು ಯಾರ ಖರ್ಚೆಂದು ಬರೆಸಿಕೊಳ್ಳಿ. ವಿಮೆಯ ದರವನ್ನು ಮಾತ್ರ ಇಂದೇ ವಿಚಾರಿಸಿ, ಏಕೆಂದರೆ ಆಮದು ಕಾರೆಂದರೆ ಹಿಂಜರಿಯುವ ಕಂಪನಿಗಳಿವೆ.

ಪ್ರಶ್ನೆ: ದುಬೈಯಲ್ಲಿ ಐದು ವರ್ಷ ಓಡಿಸಿದ ಕಾರನ್ನು ಮಂಗಳೂರಿಗೆ ತರಿಸಿಕೊಡುವುದಾಗಿ ಬ್ರೋಕರ್ ಒಬ್ಬರು ಹೇಳುತ್ತಿದ್ದಾರೆ. ಸಾಧ್ಯವೇ?

ಉತ್ತರ: ಇಲ್ಲ. ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮ ಕಾರು ಮೊದಲ ಷರತ್ತಿನಲ್ಲೇ ಸೋಲುತ್ತದೆ, ದುಬೈಯ ಕಾರಾದ್ದರಿಂದ ಎರಡನೆಯದರಲ್ಲೂ ಸೋಲುವುದು ಬಹುತೇಕ ಖಚಿತ. ಮುಂಗಡ ಕೊಟ್ಟಿದ್ದರೆ ಈಗಲೇ ಮರಳಿ ಕೇಳಿ, ಕಾರನ್ನು ಅಲ್ಲಿಯೇ ಮಾರಿ ಬನ್ನಿ.