ರೆಕ್ಕೆ ಬಡಿಯುವ ಎಲೆಕ್ಟ್ರಾನಿಕ್ ಪತಂಗದ ರೆಕ್ಕೆ ಹರಿದಿದೆ. ಹರಿಯದಂಥ ಗಟ್ಟಿ ರೆಕ್ಕೆ ಎಲ್ಲಿ ಸಿಗುತ್ತದೆ?

ಗಟ್ಟಿ ರೆಕ್ಕೆ ಹುಡುಕಲೇಬೇಡಿ. ಅದನ್ನು ಹಾಕಿಯೇ ನಾನು ಇಡೀ ಪತಂಗ ಕಳೆದುಕೊಂಡೆ.

ನನ್ನದು ಅಟ್ಲಾಸ್ ಪತಂಗ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆಯಲ್ಲ, ರೆಕ್ಕೆಯ ತುದಿ ಹಾವಿನ ಹೆಡೆಯಂತೆ ಕಾಣುತ್ತದೆ, ಅದೇ. ಅಗಲ 24 ಸೆಂ.ಮೀ. ಒಳಗೆ ತಲಾ 9 ಗ್ರಾಂ ತೂಗುವ ಎರಡು ಪುಟ್ಟ ಸರ್ವೋ ಮೋಟಾರು (ಹೇಳಿದಷ್ಟೇ ಕೋನ ತಿರುಗಿ ನಿಲ್ಲುವಂಥದ್ದು), ರೆಕ್ಕೆಗೊಂದು. ಜೇಡರ ಬಲೆ ತೆಗೆಯುವಾಗ ಪೊರಕೆ ತಗುಲಿ ಎಡ ರೆಕ್ಕೆ ಹರಿಯಿತು. ಇನ್ನೆಂದೂ ಹರಿಯಬಾರದು ಅಂತ ಫೋಟೋ ಪೇಪರಿನಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಕತ್ತರಿಸಿ ಅಂಟಿಸಿದೆ.

ಎಡವಿದ್ದು ಅಲ್ಲೇ. ಮೇಲೆ ಕೆಳಗೆ 125 ಮೈಕ್ರಾನ್ ಹಾಳೆ, ನಡುವೆ ದಪ್ಪ ಪೇಪರ್, ಎಲ್ಲ ಸೇರಿ ಅರ್ಧ ಮಿಲಿಮೀಟರಿನ ಹತ್ತಿರ. ಹಳೇ ರೆಕ್ಕೆ ಅದರ ಕಾಲು ಭಾಗವೂ ಇರಲಿಲ್ಲ. ಆದರೂ ಮೋಟಾರು ಸಲೀಸಾಗಿ ಎತ್ತಿತು, ನಾನು ನಂಬಿದ್ದು ಅದನ್ನು ನೋಡಿಯೇ. ರೆಕ್ಕೆ ಎತ್ತುವುದು ಕಷ್ಟವಲ್ಲ. ಮೇಲೆ ಹೋಗುತ್ತಿರುವ ರೆಕ್ಕೆಯನ್ನು ತಡೆದು, ತಕ್ಷಣ ಕೆಳಕ್ಕೆ ತಿರುಗಿಸುವುದು ಕಷ್ಟ. ಅದರಲ್ಲೂ ತುದಿಯ ತೂಕ ಬುಡದ ತೂಕದ ಹಾಗಲ್ಲ, ಕೀಲಿನಿಂದ ದೂರ ಎರಡರಷ್ಟಾದರೆ ತಿರುಗಿಸುವ ಹೊರೆ ನಾಲ್ಕರಷ್ಟಾಗುತ್ತದೆ. ಪ್ರತಿ ಬಡಿತಕ್ಕೂ ಆ ಏಟು ತಿನ್ನುವುದು ಒಳಗಿನ ನೈಲಾನ್ ಗೇರಿನ ಹಲ್ಲು. ಮೂರನೇ ದಿನ ಸಂಜೆ ಕರಕರ ಸದ್ದು ಬಂತು, ಎಡ ರೆಕ್ಕೆ ಜೋತುಬಿತ್ತು. ಮೋಟಾರನ್ನು ಅಂಟು ಹಾಕಿ ಕೂರಿಸಿದ್ದರು, ಕೀಳಲು ಹೋದರೆ ಮೈಯೇ ಸೀಳಿತು. ಮುಚ್ಚಳ ತೆಗೆದರೆ ಗೇರಿನ ನಾಲ್ಕು ಹಲ್ಲು ಸವೆದು ಬಿಳಿ ಪುಡಿಯಾಗಿತ್ತು.

ರೆಕ್ಕೆ ಹರಿದರೆ ಹರಿಯಲಿ, ಮೋಟಾರು ಉಳಿಯಬೇಕು ಅಲ್ವಾ? 100 ಮೈಕ್ರಾನಿನ ಓಎಚ್‌ಪಿ ಶೀಟ್, ಅಂದರೆ ಪ್ರಿಂಟ್ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ತನ್ನಿ. ಲೇಸರ್ ಪ್ರಿಂಟರಿಗೆ ಆಗುವಂಥದ್ದೇ ಬೇಕು ಅಂತ ಕೇಳಿ, ಇಲ್ಲದಿದ್ದರೆ ಪ್ರಿಂಟರಿನ ಬಿಸಿಗೆ ಒಳಗೇ ಕರಗಿ ಅಂಟಿಕೊಳ್ಳಬಹುದು. ಅಟ್ಲಾಸ್ ರೆಕ್ಕೆಯಲ್ಲಿ ತ್ರಿಕೋನದ ಗಾಜಿನಂಥ ಕಿಟಕಿಗಳಿರುತ್ತವೆ. ನಿಮ್ಮದೂ ಅದೇ ಆಗಿದ್ದರೆ ಅಲ್ಲಿ ಬಣ್ಣ ಹಾಕದೆ ಖಾಲಿ ಬಿಡಿ. ಹಿಂದೆ ದೀಪ ಹಚ್ಚಿದಾಗ ಬೆಳಕು ಆ ಕಿಟಕಿಗಳಲ್ಲಿ ತೂರಿ ಬರುತ್ತದೆ, ನನಗೆ ತುಂಬಾ ಇಷ್ಟವಾದದ್ದು ಅದೇ. ಮುಂದಿನ ಅಂಚಿಗೆ ತೆಂಗಿನ ಗರಿಯ ಕಡ್ಡಿ ಅಂಟಿಸಿ, ದಪ್ಪ ತುದಿ ಕೀಲಿನ ಕಡೆ, ತೆಳುವಾದದ್ದು ಹೊರಗೆ. ಬಡಿತ 90 ಡಿಗ್ರಿ ಇದ್ದು, ಕೋಡ್ ನಿಮ್ಮ ಕೈಯಲ್ಲಿದ್ದರೆ, 40ಕ್ಕೆ ಇಳಿಸಿ. ಮತ್ತೆ, ಒಂದೇ ರೆಕ್ಕೆ ಬದಲಿಸಬೇಡಿ, ಎರಡರ ತೂಕ ಬೇರೆಯಾದರೆ ಬಡಿತ ಓರೆಯಾಗಿ ಕಾಣುತ್ತದೆ.

ನನ್ನ ಎರಡನೇ ಪತಂಗಕ್ಕೆ ಇದು ನಾಲ್ಕನೇ ಜೊತೆ ರೆಕ್ಕೆ. ಅದರ ಮೋಟಾರು ಮಾತ್ರ ಮೊದಲಿನಿಂದಲೂ ಅದೇ.