100 ವ್ಯಾಟ್ ಬಿಟ್ಟು 200 ವ್ಯಾಟ್ ಆಂಪ್ಲಿಫೈಯರ್ ತಗೊಂಡರೆ ಸೌಂಡ್ ಎರಡು ಪಟ್ಟಾಗುತ್ತಾ?

ಇಲ್ಲ, ಆಗುವುದಿಲ್ಲ. ಗಣಪತಿ ಪೆಂಡಾಲಿಗೆ ಅಂತ ಕೇಳಿದ್ದೀರಿ. ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಾನು ದಾವಣಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ.

ವ್ಯಾಟ್ ದುಪ್ಪಟ್ಟಾದರೆ ಸೌಂಡ್ ಏರುವುದು 3 ಡೆಸಿಬೆಲ್ (ಸೌಂಡ್ ಅಳೆಯುವ ಮಾನ) ಮಾತ್ರ. ಕಿವಿಗೆ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ವ್ಯಾಟ್ ಹತ್ತು ಪಟ್ಟು ಬೇಕು. ಅಂದರೆ ನಿಮ್ಮ 100ರ ಜಾಗದಲ್ಲಿ 1000!

ನಿಟ್ಟುವಳ್ಳಿಯ ಒಂದು ಪೆಂಡಾಲಿನಲ್ಲಿ ಹಿಂದೆ ಕೂತವರಿಗೆ ಕೇಳಿಸ್ತಿಲ್ಲ ಅಂತ ದೂರು ಬಂತು. ನಾನೂ ಆಗ 200 ವ್ಯಾಟಿನದು ತಂದು ಹಾಕಿದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು 'ಏನಪ್ಪಾ, ಇನ್ನೂ ಹಾಗೇ ಐತಲ್ಲ' ಅಂದರು. ಆಮೇಲೆ ನೆಲದ ಮೇಲಿದ್ದ ಬಾಕ್ಸ್‌ಗಳನ್ನು ಸ್ಟ್ಯಾಂಡಿಗೆ ಏರಿಸಿ, ಜನರ ತಲೆಗಿಂತ ಮೇಲೆ ಬರುವ ಹಾಗೆ ಮಾಡಿದೆ. ಹಾಡಿನ ಒಂದೊಂದು ಮಾತೂ ಅವರಿಗೆ ಕೇಳಿಸಿತು. ಮುಂದೆ ಕೂತವರ ಮೈಗಳೇ ಸೌಂಡ್ ಕುಡಿದುಬಿಡುತ್ತಿದ್ದವು.

ಇನ್ನೊಂದು, ಸ್ಪೀಕರ್‌ನ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಲೆಕ್ಕ ಅದು. 88 ಇರುವ ಸ್ಪೀಕರ್‌ಗೆ 100 ವ್ಯಾಟ್ ಕೊಟ್ಟರೆ ಎಷ್ಟು ಸೌಂಡ್ ಬರುತ್ತದೋ, 98 ಇರುವುದಕ್ಕೆ 10 ವ್ಯಾಟಿಗೇ ಅಷ್ಟು ಬರುತ್ತದೆ. ಗುಡಿ ಮೇಲಿನ ಹಾರ್ನ್ ಕಡಿಮೆ ವ್ಯಾಟಿನಲ್ಲೇ ಊರೆಲ್ಲ ಕೇಳಿಸುವುದು ಇದಕ್ಕೇ. ನಾನಾದರೆ ಮೊದಲು ಒಳ್ಳೆ ಸ್ಪೀಕರ್‌ಗೆ ದುಡ್ಡು ಹಾಕುತ್ತೇನೆ.

ಹಾಗಂತ ದೊಡ್ಡ ಆಂಪ್ಲಿಫೈಯರ್ ಸುಮ್ನೆ ಅಲ್ಲ. ಚಿಕ್ಕದನ್ನು ಫುಲ್ ಏರಿಸಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಸೌಂಡ್ ಒಡೆಯುತ್ತದೆ. ಒಮ್ಮೆ ಭಜನೆ ನಡುವೆ ಸುಟ್ಟ ವಾಸನೆ ಬಂತು. ಟ್ವೀಟರ್‌ನ, ಅಂದರೆ ಕೀಚು ಸ್ವರ ಹೊರಡಿಸುವ ಚಿಕ್ಕ ಸ್ಪೀಕರ್‌ನ, ಕಾಯಿಲ್ ಕಪ್ಪಾಗಿತ್ತು. ದೊಡ್ಡದರಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ, ತಬಲಾದ ಪೆಟ್ಟು ಒಡೆಯದೆ ಬರುತ್ತದೆ.

ಡಬ್ಬದ ಮೇಲೆ ಪಿಎಂಪಿಒ (ಒಂದು ಕ್ಷಣಕ್ಕೆ ಮಾತ್ರ ಬರುವ ಗರಿಷ್ಠ ವ್ಯಾಟ್) ಅಂತ ಸಾವಿರಗಟ್ಟಲೆ ಬರೆದಿದ್ದರೆ ನಂಬಬೇಡಿ, ಆರ್‌ಎಂಎಸ್ (ಬಿಡದೆ ಕೊಡಬಲ್ಲ ವ್ಯಾಟ್) ನೋಡಿ. ಅದೂ ಎಷ್ಟು ಓಮ್‌ಗೆ ಅಂತ ನೋಡಿ; ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. 4 ಓಮ್‌ಗೆ 200 ಅಂದರೆ 8 ಓಮ್ ಸ್ಪೀಕರ್‌ಗೆ ಸುಮಾರು ಅರ್ಧ ಮಾತ್ರ ಸಿಗುತ್ತದೆ.

ನಿಮ್ಮ ಬಾಕ್ಸ್ ಹಿಂದಿನ ಸ್ಟಿಕರ್ ಮೇಲೆ ಓಮ್, ಸೆನ್ಸಿಟಿವಿಟಿ ಏನಿದೆ ಅಂತ ಬರೆಯಿರಿ. ಪೆಂಡಾಲ್ ಎಷ್ಟು ಉದ್ದ ಅಂತಲೂ ತಿಳಿಸಿ. ಲೆಕ್ಕ ಹಾಕಿ ಹೇಳುತ್ತೇನೆ.