"ಬಾಯಿ ಹುಣ್ಣಾಗಿದೆ, ಗರ್ಭಕೋಶ ತೆಗ್ಸಿಬಿಡಿ" ಅಂದ್ರಂತೆ

ನಾನು ಡಾಕ್ಟರಲ್ಲ, ಡಾಕ್ಟರ ರೂಮಿನ ಹೊರಗೆ ಕೂರೋಳು. ಇಂಥ ಕೇಸು ನನ್ನ ಟೇಬಲ್ ಮುಂದೆ ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ, ಆದ್ರೆ ಇದೊಂದು ನಿದ್ದೆ ಕೆಡಿಸ್ತು, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲ ಬದಲಿಸಿದೀನಿ.

34 ವರ್ಷದ ಹೆಣ್ಮಗಳು, ಎರಡು ಮಕ್ಕಳು, ಜೊತೇಲಿ ಅತ್ತೆ. ಬಿಳಿ ಸೆರಗು ಹೋಗುತ್ತೆ, ಗಂಡನ ಜೊತೆ ಸೇರಿದಾಗ ಒಂದೊಂದ್ಸಲ ರಕ್ತ ಕಾಣುತ್ತೆ ಅಂತ ಒಂದು ನರ್ಸಿಂಗ್ ಹೋಮಿಗೆ ಹೋಗಿದಾರೆ, ಅಲ್ಲಿ ನೋಡಿ ಗರ್ಭಕೋಶದ ಬಾಯಿ ಹುಣ್ಣಾಗಿದೆ, ಬಿಟ್ರೆ ಕ್ಯಾನ್ಸರ್ ಆಗುತ್ತೆ, ಹೆಂಗೂ ಮಕ್ಕಳಾಗಿವೆಯಲ್ಲ ಅಂದಿದಾರೆ. ಒಡವೆ ಅಡ ಇಡೋಕೆ ರೆಡಿಯಾಗಿದ್ರು. ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿಂದ ಜೀವಕೋಶ ತೆಗೆದು ಕ್ಯಾನ್ಸರಿನ ಸುಳಿವಿದೆಯಾ ಅಂತ ನೋಡೋದು) ಮಾಡಿದ್ರಾ ಅಂದ್ರೆ ಅದೇನು ಮೇಡಂ ಅಂತಾಳೆ.

"ಒಳಗೆಲ್ಲ ಕೊಳ್ತೋಗಿದೆಯಂತೆ" ಅಂತ ತಲೆ ತಗ್ಗಿಸ್ಕೊಂಡೇ ಹೇಳಿದ್ಲು. ಫೋನ್ ತೆಗಿ, ಸೆಲ್ಫಿ ಕ್ಯಾಮೆರಾ ಹಾಕು, ಕೆಳದುಟಿ ಹೊರಕ್ಕೆ ಮಗುಚಿ ನೋಡ್ಕೊ ಅಂದೆ. ಮಗುಚಿದ್ಲು. ಕೆಂಪಗಿದೆಯಲ್ಲ, ಹುಣ್ಣಾ ಅದು? "ಇಲ್ಲ, ಒಳಗಿನ ಚರ್ಮ ಅಲ್ವಾ ಮೇಡಂ." ಗರ್ಭಕೋಶದ ಬಾಯೂ ಹಂಗೇನೇ ಕಣಮ್ಮ, ಒಳಗಿರೋ ತೆಳು ಪದರ ಹೊರಗೆ ಚಾಚ್ಕೊಂಡ್ರೆ ಕೆಂಪಗೆ ಹುಣ್ಣಿನ ಥರ ಕಾಣುತ್ತೆ, ಮುಟ್ಟಿದ್ರೆ ರಕ್ತ ಬರಬಹುದು, ಸೆರಗೂ ಜಾಸ್ತಿ ಹೋಗಬಹುದು. ಹಿಂದೆ ಎರೋಶನ್ ಅಂತಿದ್ರು, ಈಗ ಎಕ್ಟ್ರೋಪಿಯಾನ್ ಅಂತಾರೆ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ತುಂಬಾ ಸಾಮಾನ್ಯ. ಇವಳು ಎರಡು ವರ್ಷದಿಂದ ಮಾಲಾ-ಎನ್ ಅನ್ನೋ ಅಂಥದ್ದೇ ಮಾತ್ರೆ ನುಂಗ್ತಿದ್ಲು, ಅದನ್ನ ಯಾರೂ ಕೇಳೇ ಇರ್ಲಿಲ್ಲ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗೋದೂ ಇಲ್ಲ.

ಹಂಗಂತ ಕೆಂಪಗೆ ಕಂಡಿದ್ದೆಲ್ಲ ಇದೇ ಅಂತಾನೂ ಅಲ್ಲ. ಇನ್ಫೆಕ್ಷನ್ ಇದ್ರೂ ಹಂಗೇ ಕಾಣುತ್ತೆ, ಕ್ಯಾನ್ಸರಿನ ಶುರುವೂ ಹಂಗೇ ಕಾಣಬಹುದು, ಸೇರಿದ ಮೇಲೆ ರಕ್ತ ಬಂದ್ರೆ ಸುಮ್ನೆ ಬಿಡೋ ಹಂಗೇ ಇಲ್ಲ. ಆಪರೇಷನ್ ಬೇಡ ಅನ್ನೋಕೆ ನೀನ್ಯಾರು, ಡಾಕ್ಟರಾ ಅಂತ ನನ್ನನ್ನ ಕೇಳಿದವರಿದಾರೆ. ನಾನು ಬೇಡ ಅನ್ನಲಿಲ್ಲ, ಟೆಸ್ಟ್ ಮಾಡಿಸದೆ ಬೇಡ ಅಂದೆ, ಇವತ್ತೂ ಅದನ್ನೇ ಅಂತೀನಿ. 30 ದಾಟಿದವರಿಗೆ 65ರವರೆಗೂ ಸರ್ಕಾರಿ ಆಸ್ಪತ್ರೇಲಿ ವಿಐಎ ತಪಾಸಣೆ ಇದೆ, ಗರ್ಭಕೋಶದ ಬಾಯಿಗೆ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬಿಳಿ ಆಗುತ್ತಾ ಅಂತ ನೋಡ್ತಾರೆ, ಅಷ್ಟೇ. ಅನುಮಾನ ಬಂದ್ರೆ ಕಾಲ್ಪೋಸ್ಕೋಪಿ, ಅಂದ್ರೆ ಆ ಜಾಗನ ಮಸೂರದಲ್ಲಿ ದೊಡ್ಡದಾಗಿ ನೋಡೋದು, ಬೇಕಾದ್ರೆ ಒಂಚೂರು ತುಣುಕು ತೆಗೆದು ಬಯಾಪ್ಸಿ. ಇಷ್ಟೆಲ್ಲ ದಾರಿ ಇರುವಾಗ ನೇರವಾಗಿ ಗರ್ಭಕೋಶಕ್ಕೇ ಕತ್ತರಿ ಯಾಕೆ? ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟೇ 2023ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಪ್ಯಾಪ್ ನಾರ್ಮಲ್ ಬಂತು. ಡಾಕ್ಟರು ಇನ್ಫೆಕ್ಷನ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಮಾತ್ರೆ ನಿಲ್ಲಿಸಿ ಕಾಪರ್-ಟಿ ಹಾಕಿದ್ರು.

ನಿದ್ದೆ ಕೆಡಿಸಿದ್ದು ಸೊಸೆ ಅಲ್ಲ. ರಿಪೋರ್ಟ್ ತೋರಿಸೋಕೆ ಬಂದ ದಿನ ಹಿಂದೆ ಕೂತಿದ್ದ ಅತ್ತೆ ಸೀರೆ ಸೆರಗಿನ ತುದಿ ಸುತ್ತುತ್ತಾ ಸುತ್ತುತ್ತಾ ಇದ್ದಕ್ಕಿದ್ದಂಗೆ "ಮೇಡಮ್ಮೋರೆ, ನಂದೂ ಹಿಂಗೇ ಹುಣ್ಣು ಅಂತಾನೇ ತೆಗೆದ್ರು, ಆಗ ನಂಗೆ 36. ನಂಗ್ಯಾರೂ ತುಟಿ ಮಗುಚು ಅನ್ಲಿಲ್ಲ" ಅಂದ್ರು. ಅದಾಗಿ ಎರಡು ವರ್ಷಕ್ಕೇ ಮೈಯೆಲ್ಲ ಬಿಸಿ ಬಿಸಿ, ಈಗ ಸೊಂಟ ಹಿಡ್ಕೊಂಡೇ ಏಳ್ತಾರೆ. ಅಂಡಾಶಯನೂ ತೆಗೆದ್ರಾ, ಗರ್ಭಕೋಶದ ಬಾಯಿ ಉಳಿಸಿದಾರಾ ಅಂತ ಕೇಳಿದೆ, ಯಾಕಂದ್ರೆ ಬಾಯಿ ಉಳಿದಿದ್ರೆ ಅವರಿಗೂ ತಪಾಸಣೆ ಬೇಕೇ ಬೇಕು. ಅವರಿಗೆ ಗೊತ್ತಿಲ್ಲ. ಹಳೇ ಡಿಸ್ಚಾರ್ಜ್ ಚೀಟಿ ಇದ್ಯಾ ಅಂದೆ.

"ಅದೇನ್ ಕೊಟ್ಟಿದ್ರೋ, ಮನೆ ಸೋರಿದಾಗ ನೆಂದು ಹೋಯ್ತು" ಅಂದ್ರು. ಅವತ್ತೇ ಒಳಗೆ ಡಾಕ್ಟರ ಹತ್ರ ಕಳಿಸ್ದೆ, ಸೊಸೆ ಕೈ ಹಿಡ್ಕೊಂಡು ಕರ್ಕೊಂಡು ಹೋದ್ಲು.